ಮೂತ್ರಪಿಂಡದ ರಚನೆ ಮತ್ತು ಕೆಲಸ: ನೋವಿಲ್ಲದಿದ್ದರೂ ಪರೀಕ್ಷೆ ಏಕೆ?

“ಮೂತ್ರ ಸರಿಯಾಗಿ ಹೋಗುತ್ತಿದೆ, ನೋವೂ ಇಲ್ಲ. ಮತ್ತೇಕೆ ಕಿಡ್ನಿ ಪರೀಕ್ಷೆ?” ಎಂದು ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಅನೇಕರು ಕೇಳುತ್ತಾರೆ. ಇದಕ್ಕೆ ಉತ್ತರ ಮೂತ್ರಪಿಂಡದ ರಚನೆಯಲ್ಲಿಯೇ ಇದೆ. ದಯವಿಟ್ಟು ಪೂರ್ತಿ ಓದಿ, ಮನೆಯವರಿಗೂ ಓದಿ ಹೇಳಿ.

ಎಲ್ಲಿದೆ, ಹೇಗಿದೆ?

ಬೆನ್ನುಮೂಳೆಯ ಎರಡೂ ಬದಿಗೆ, ಕೊನೆಯ ಪಕ್ಕೆಲುಬುಗಳ ಮಟ್ಟದಲ್ಲಿ ಒಂದೊಂದು ಮೂತ್ರಪಿಂಡ ಇರುತ್ತದೆ. ಆಕಾರ ಅಲಸಂದೆ ಕಾಳಿನಂತೆ. ಉದ್ದ 10ರಿಂದ 12 ಸೆಂ.ಮೀ., ತೂಕ ಸುಮಾರು 150 ಗ್ರಾಂ. ಇಷ್ಟು ಚಿಕ್ಕ ಅಂಗಗಳಿಗೆ ನಿಮಿಷಕ್ಕೆ ಸುಮಾರು ಒಂದು ಲೀಟರ್ ರಕ್ತ ಹರಿದು ಬರುತ್ತದೆ. ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ‘ನೆಫ್ರಾನ್’ಗಳಿವೆ. ಒಂದೊಂದು ನೆಫ್ರಾನಿನಲ್ಲೂ ಎರಡು ಭಾಗ: ಒಂದು ಜರಡಿ, ಒಂದು ನಳಿಕೆ.

ಜರಡಿಯ ಕೆಲಸ

ಜರಡಿಯೆಂದರೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲು. ಇದಕ್ಕೆ ರಕ್ತ ತರುವ ನಾಳ ಅಗಲ, ರಕ್ತ ಹೊರಹೋಗುವ ನಾಳ ಕಿರಿದು. ಆದ್ದರಿಂದ ಒಳಗೆ ಒತ್ತಡ ಉಂಟಾಗಿ ನೀರು, ಲವಣ, ಸಕ್ಕರೆ, ಕಶ್ಮಲಗಳು ಸೋಸಿ ಹೊರಬರುತ್ತವೆ. ರಕ್ತಕಣಗಳು ಮತ್ತು ಪ್ರೋಟೀನು ರಕ್ತದಲ್ಲೇ ಉಳಿಯುತ್ತವೆ. ಹೀಗೆ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಡುತ್ತದೆ.

ಬಿ.ಪಿ. ಅಥವಾ ಸಕ್ಕರೆ ವರ್ಷಾನುಗಟ್ಟಲೆ ಹೆಚ್ಚಿದ್ದರೆ ಈ ಜರಡಿ ಕೆಡುತ್ತದೆ. ಆಗ ‘ಆಲ್ಬುಮಿನ್’ ಎಂಬ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ. ಆರಂಭದಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ, ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಹೆಚ್ಚಾದಾಗ ಮೂತ್ರದಲ್ಲಿ ನೊರೆ, ಕಾಲಿನಲ್ಲಿ ಬಾವು ಕಾಣಿಸುತ್ತದೆ.

ನಳಿಕೆಯ ಕೆಲಸ

ಹಬ್ಬದ ಮುಂಚೆ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಬೇಕಾದದ್ದನ್ನು ಮಾತ್ರ ಮತ್ತೆ ಒಳಗೆ ಒಯ್ಯುತ್ತೇವಲ್ಲವೇ? ನಳಿಕೆಯೂ ಹಾಗೆಯೇ ಮಾಡುತ್ತದೆ. ಸೋಸಿದ ದ್ರವದಿಂದ ಸಕ್ಕರೆ, ಬೇಕಾದಷ್ಟು ಲವಣ ಮತ್ತು ನೀರನ್ನು ರಕ್ತಕ್ಕೆ ಮರಳಿಸುತ್ತದೆ. ಉಳಿದ ಒಂದೂವರೆ ಲೀಟರಿನಷ್ಟೇ ಮೂತ್ರವಾಗುತ್ತದೆ. ನಳಿಕೆ ಮೂತ್ರಪಿಂಡದ ಒಳಪದರಕ್ಕೆ ಇಳಿದು, ತಿರುಗಿ ಮೇಲೆ ಬರುತ್ತದೆ. ಆ ಒಳಪದರದಲ್ಲಿ ಲವಣ ಹೆಚ್ಚಿರುವುದರಿಂದ ನೀರು ಹೀರಲ್ಪಡುತ್ತದೆ. ಬೇಸಿಗೆಯಲ್ಲಿ ಮೂತ್ರ ಕಡಿಮೆಯಾಗಿ ಹಳದಿಯಾಗುವುದು ಇದರಿಂದಲೇ. ಮೂತ್ರಪಿಂಡ ದುರ್ಬಲವಾದಾಗ ಈ ಶಕ್ತಿ ಕುಗ್ಗಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗಬಹುದು.

ಇದಲ್ಲದೆ ರಕ್ತ ಉತ್ಪತ್ತಿಗೆ ಬೇಕಾದ ಹಾರ್ಮೋನನ್ನೂ ಮೂತ್ರಪಿಂಡವೇ ತಯಾರಿಸುತ್ತದೆ. ಆದ್ದರಿಂದಲೇ ಕಿಡ್ನಿ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ.

ಏಕೆ ತಡವಾಗಿ ತಿಳಿಯುತ್ತದೆ?

ನೆಫ್ರಾನ್‌ಗಳು ತಾಯಿಯ ಗರ್ಭದಲ್ಲೇ ರೂಪುಗೊಳ್ಳುತ್ತವೆ, ದೊಡ್ಡವರಾದ ಮೇಲೆ ಹೊಸದಾಗಿ ಹುಟ್ಟುವುದಿಲ್ಲ. ಕೆಲವು ನಾಶವಾದರೆ ಉಳಿದವು ಹಿಗ್ಗಿ ಹೆಚ್ಚಿನ ಕೆಲಸ ಮಾಡುತ್ತವೆ. ಒಂದು ಮೂತ್ರಪಿಂಡ ದಾನ ಮಾಡಿದವರು ಆರೋಗ್ಯದಿಂದ ಬಾಳುವುದು ಇದರಿಂದಲೇ. ಆದರೆ ಇದೇ ಗುಣ ರೋಗವನ್ನು ಮುಚ್ಚಿಡುತ್ತದೆ. ಅರ್ಧದಷ್ಟು ಶಕ್ತಿ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ ಸಹಜ ಮಟ್ಟದಲ್ಲೇ ಇರಬಹುದು. ಜರಡಿ ಸವೆಯುವಾಗ ನೋವಾಗುವುದಿಲ್ಲ. ಮೂತ್ರ ಬರುತ್ತಿದೆ ಎಂದ ಮಾತ್ರಕ್ಕೆ ರಕ್ತ ಶುದ್ಧವಾಗುತ್ತಿದೆ ಎಂದು ತಿಳಿಯಬಾರದು.

ನೀವು ಮಾಡಬೇಕಾದದ್ದು

• ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇದ್ದರೆ ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಎರಡನ್ನೂ ಪರೀಕ್ಷಿಸಿಕೊಳ್ಳಿರಿ.

• ಬಿ.ಪಿ., ಸಕ್ಕರೆ ಮಾತ್ರೆಗಳನ್ನು “ಈಗ ಆರಾಮ ಇದ್ದೇನೆ” ಎಂದು ನಿಲ್ಲಿಸಬೇಡಿರಿ.

• ಸೊಂಟ ನೋವು, ಮಂಡಿ ನೋವಿಗೆ ಅಂಗಡಿಯಿಂದ ಡೈಕ್ಲೋಫಿನಾಕ್‌ನಂಥ ಮಾತ್ರೆ ತಂದು ನುಂಗಬೇಡಿರಿ. ಇವು ಜರಡಿಗೆ ರಕ್ತ ತರುವ ನಾಳವನ್ನು ಕುಗ್ಗಿಸುತ್ತವೆ.

• ದಿನಕ್ಕೆ ಉಪ್ಪು 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದಲ್ಲಿರುವ ಉಪ್ಪೂ ಇದರಲ್ಲೇ ಸೇರಿದೆ.

• ವಾಂತಿ-ಭೇದಿಯಾದರೆ ತಡಮಾಡದೆ ಓ.ಆರ್.ಎಸ್. ಕುಡಿಯಿರಿ, ವೈದ್ಯರನ್ನು ಕಾಣಿರಿ. ಬಾವು ಇರುವವರು, ಡಯಾಲಿಸಿಸ್‌ನಲ್ಲಿರುವವರು ಎಷ್ಟು ನೀರು ಕುಡಿಯಬೇಕೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ.

ಹೋದ ನೆಫ್ರಾನ್ ಮರಳಿ ಬಾರದು, ಉಳಿದವನ್ನು ಕಾಪಾಡಿಕೊಳ್ಳಬಹುದು. ಮುಂದಿನ ಭೇಟಿಯಲ್ಲಿ ವೈದ್ಯರನ್ನು ತಪ್ಪದೆ ಕೇಳಿರಿ: “ನನ್ನ ಮೂತ್ರದಲ್ಲಿ ಆಲ್ಬುಮಿನ್ ಇದೆಯೇ?”