ಜಮಖಾನ, ಕಂಬಳಿಗಳ ಮೇಲೆ ಬಿದ್ದ ಪಾನೀಯದ ಕಲೆಗಳನ್ನು ಮನೆಯಲ್ಲಿಯೇ ತೆಗೆಯುವ ಕ್ರಮ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ಮದುವೆ, ಉತ್ಸವ, ಪಂಚಾಯಿತಿ ಮುಂತಾದ ಸಂದರ್ಭಗಳಲ್ಲಿ ಬಂದವರಿಗೆ ಜಮಖಾನವನ್ನು ಹಾಸಿ, ಕಾಫಿಯನ್ನೋ ಪಾನಕವನ್ನೋ ಕೊಟ್ಟು ಸತ್ಕರಿಸುವುದು ವಾಡಿಕೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿಯೂ, ತ್ರಿವೇಣಿ ಸಂಗಮದಲ್ಲಿ ೧೯೮೯ರಿಂದ ನಡೆದುಬಂದಿರುವ ಕುಂಭಮೇಳದ ಕಾಲದಲ್ಲಿಯೂ ನೆಂಟರಿಷ್ಟರು ಹೆಚ್ಚಾಗಿ ಬರುವುದರಿಂದ ಹಾಸುಗಳ ಬಳಕೆಯೂ ಹೆಚ್ಚು. ೧೯೬೧ರ ಶಾಸನದಿಂದ ವಂಶಪಾರಂಪರ್ಯದ ಪಟೇಲಿಕೆಯು ರದ್ದಾಯಿತಾದರೂ ಊರ ಯಜಮಾನಿಕೆಯ ಹೊಣೆಯು ಉಳಿದೇ ಇದೆ. ಊರೊಟ್ಟಿನ ಜಮಖಾನವು ಯಾರ ವಶದಲ್ಲಿರುವುದೋ ಅವರಿಗೆ ಅದು ಹತ್ತು ಜನರ ಸ್ವತ್ತು. ಇಂತಹ ಹಾಸುಗಳು ಕಲೆಯಿಂದ ಕೆಡುವುದಕ್ಕಿಂತ, ಕಲೆಯನ್ನು ತೆಗೆಯಲು ಅವಸರದಲ್ಲಿ ಮಾಡುವ ತಪ್ಪು ಉಪಾಯಗಳಿಂದ ಹೆಚ್ಚಾಗಿ ಕೆಡುವುದುಂಟು. ಆದುದರಿಂದ ಕಲೆಯ ಗುಣವನ್ನೂ ನೂಲಿನ ಗುಣವನ್ನೂ ಮೊದಲು ತಿಳಿಯುವುದು ಅವಶ್ಯಕ.

೧. ಕಲೆಯ ಗುಣ.— ಕಾಫಿ, ಚಹಗಳಲ್ಲಿ ಒಗರಿನ ಅಂಶವಿರುತ್ತದೆ. ಈ ಜಾತಿಯ ಒಗರೇ ಅಳಲೆಕಾಯಿಯಲ್ಲಿಯೂ ಇದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಸೇರಿಸಿ ಬರೆಯುವ ಮಸಿಯನ್ನು ಮಾಡುತ್ತಿದ್ದರು. ಒಗರಿಗೆ ಕಬ್ಬಿಣವು ಸೇರಿದರೆ ಕಪ್ಪಾಗುವುದೇ ಇದರ ತತ್ತ್ವ. ಆದಕಾರಣ ಕಾಫಿಯ ಕಲೆಗೆ ತುಕ್ಕು ಹಿಡಿದ ಬಕೆಟ್ಟಿನ ನೀರನ್ನು ಸೋಕಿಸಕೂಡದು. ಕಾಫಿಯಲ್ಲಿರುವ ಹಾಲಿನಲ್ಲಿ ಜಿಡ್ಡೂ ಸಸಾರಜನಕವೂ ಉಂಟು. ಇವುಗಳಲ್ಲಿ ಸಸಾರಜನಕವು ಬಿಸಿನೀರು ತಾಗಿದರೆ ಎಳೆಯೊಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಪಾನಕ, ಕಬ್ಬಿನ ಹಾಲುಗಳ ಸಿಹಿಯು ತಣ್ಣೀರಿನಲ್ಲಿಯೇ ಕರಗುವುದು; ಉಳಿದರೆ ಇರುವೆಯನ್ನೂ ಧೂಳನ್ನೂ ಸೆಳೆಯುವುದು. ಎಳನೀರನ್ನು ಕೊಚ್ಚುವಾಗ ಸಿಡಿದ ಸಿಪ್ಪೆಯ ರಸವು ಮೊದಲು ಕಣ್ಣಿಗೆ ಕಾಣದೆ, ಗಾಳಿ ತಾಗಿದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ.

೨. ನೂಲಿನ ಪರೀಕ್ಷೆ.— ಹಾಸಿನ ಅಂಚಿನಿಂದ ಒಂದೆಳೆಯನ್ನು ಕಿತ್ತು, ಇಕ್ಕುಳದಲ್ಲಿ ಹಿಡಿದು ಸುಡಬೇಕು. ಕಾಗದ ಸುಟ್ಟ ವಾಸನೆ ಬಂದು ನಯವಾದ ಬೂದಿ ಉಳಿದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಕಪ್ಪು ಗಂಟು ಉಳಿದರೆ ಉಣ್ಣೆ. ಕರಗಿ ಗಟ್ಟಿಯಾದ ಮಣಿಯಂತಾದರೆ ಕೃತಕ ನೂಲು.

೩. ಹಸಿ ಕಲೆಗೆ ಉಪಚಾರ.— ಚೆಲ್ಲಿದ ಕೂಡಲೆ ಒಣಗಿದ ಹಳೆಯ ಬಿಳಿಯ ಹತ್ತಿ ಬಟ್ಟೆಯನ್ನು ಇಟ್ಟು ಒತ್ತಿ ಹೀರಿಸಬೇಕು, ಉಜ್ಜಕೂಡದು. ಉಜ್ಜಿದರೆ ಕಲೆಯು ಹರಡಿ ಆಳಕ್ಕೆ ಇಳಿಯುವುದಲ್ಲದೆ ಉಣ್ಣೆಯ ಎಳೆಗಳು ಜಡೆಗಟ್ಟುವುವು. ಬಟ್ಟೆಗೆ ತೇವವು ಹತ್ತದಂತಾದ ಮೇಲೆ ತಣ್ಣೀರನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸಿ, ಅಂಚಿನಿಂದ ನಡುವಿಗೆ ಬರುವಂತೆ ಪುನಃ ಒತ್ತಿ ಹೀರಿಸಬೇಕು. ಹಾಲಿನ ಜಿಡ್ಡು ಉಳಿದಿದ್ದರೆ ಅರ್ಧ ಲೀಟರು ನೀರಿಗೆ ಒಂದು ಚಮಚದಷ್ಟು ಪಾತ್ರೆ ತೊಳೆಯುವ ದ್ರವ ಸಾಬೂನನ್ನು ಬೆರೆಸಿ ಬಳಸಬಹುದು. ಕರಿಯ ಕಂಬಳಿಗೆ ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೆನೆಯಿಟ್ಟು ಸೋಸಿದ ನೀರು ಉತ್ತಮ. ಆದರೆ ಅದರ ಕಂದು ಬಣ್ಣವು ಬಿಳಿಯ ಹಾಸಿಗೆ ಹತ್ತಬಹುದು. ಕೊನೆಗೆ ಸಾಬೂನಿನ ಅಂಶವು ಉಳಿಯದಂತೆ ಬರಿಯ ನೀರಿನಿಂದ ತೇವಮಾಡಿ ಹೀರಿಸಬೇಕು.

೪. ಹಳೆಯ ಕಲೆಗೆ ಉಪಚಾರ.— ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರನ್ನು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒತ್ತುವುದರಿಂದ ಒಗರು ಸಡಿಲವಾಗುತ್ತದೆ. ಬಿಳಿಯ ಹತ್ತಿ ಹಾಸಿಗೆ ಮಾತ್ರ, ಔಷಧದ ಅಂಗಡಿಯ ನೂರಕ್ಕೆ ೬ರ ಹೈಡ್ರೋಜನ್ ಪೆರಾಕ್ಸೈಡಿಗೆ ಸಮಪಾಲು ನೀರು ಸೇರಿಸಿ ಹಚ್ಚಬಹುದು. ಯಾವುದನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ, ಒಣಗಿದ ಮೇಲೆ ಬಣ್ಣವು ನಿಂತಿದೆಯೇ ಎಂದು ನೋಡತಕ್ಕದ್ದು.

೫. ವರ್ಜಿಸತಕ್ಕ ಕ್ರಮಗಳು.— ಬಟ್ಟೆ ಒಗೆಯುವ ಸಾಬೂನಿನ ಬಿಲ್ಲೆಯನ್ನು ಕಾಫಿಯ ಕಲೆಗೆ ತಿಕ್ಕಿದರೆ ಒಗರು ಮತ್ತಷ್ಟು ನೆಲೆಗೊಳ್ಳುವುದು. ಬೂದಿ, ಸೋಡಗಳ ಕ್ಷಾರವು ಉಣ್ಣೆಯನ್ನು ಕ್ಷಯಗೊಳಿಸುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯು ಉಣ್ಣೆಯನ್ನು ಕರಗಿಸಿಯೇ ಬಿಡುವುದು. ಅದಕ್ಕೆ ವಿನೆಗರನ್ನಾಗಲಿ ನಿಂಬೆಯ ರಸವನ್ನಾಗಲಿ ಸೇರಿಸಿದರೆ ವಿಷವಾಯು ಹೊರಡುವುದರಿಂದ ಪ್ರಾಣಕ್ಕೂ ಅಪಾಯ. ಅಂಗೈಯಷ್ಟು ಕಲೆಗಾಗಿ ಇಡೀ ಹಾಸನ್ನು ಕಪಿಲೆಗೆ ಹೊತ್ತು ಬಂಡೆಗೆ ಬಡಿಯುವುದೂ ಸಲ್ಲದು.

ತೊಯ್ದ ಹಾಸನ್ನು ಗಾಳಿಯಾಡುವ ನೆರಳಿನಲ್ಲಿ, ಎರಡು ಕಡೆಯೂ ಒಣಗುವಂತೆ ಹರಡಬೇಕು. ಒದ್ದೆಯ ಕಂಬಳಿಯನ್ನು ಹಗ್ಗಕ್ಕೆ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಆಕಾರಗೆಡುವುದು; ಹಸಿಯಾಗಿ ಮಡಿಸಿದರೆ ಬೂಷ್ಟು ಹಿಡಿಯುವುದು.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಹಸಿಯಿರುವಾಗ ಒಂದು ತುಂಡು ಬಟ್ಟೆಯಿಂದ ಆಗುವ ಕೆಲಸವು ಒಣಗಿದ ಮೇಲೆ ಎಷ್ಟು ಔಷಧಿಯಿಂದಲೂ ಆಗದೆ ಹೋಗಬಹುದು. ಲೋಟ ಉರುಳಿಸಿದ ಹುಡುಗನನ್ನೋ ಬಡಿಸುವವನನ್ನೋ ಗದರಿಸಿದರೆ, ಮುಂದಿನ ಸಲ ಅವನು ಕಲೆಯ ಮೇಲೆ ಜಮಖಾನವನ್ನು ಮಡಿಸಿ ಸುಮ್ಮನಾಗುವನು. ಅದು ಬೆಳಕಿಗೆ ಬರುವುದು ಮತ್ತೊಂದು ಮದುವೆಯ ದಿನ. ಆದುದರಿಂದ ಚೆಲ್ಲಿದವರು ನಿರ್ಭಯವಾಗಿ ಕೂಡಲೇ ತಿಳಿಸುವಂತೆ ಯಜಮಾನರು ನಡೆದುಕೊಳ್ಳಬೇಕು. ಊರೊಟ್ಟಿನ ಹಾಸಿನ ಜೊತೆಯಲ್ಲಿ ನಾಲ್ಕು ಹಳೆಯ ಹತ್ತಿ ಬಟ್ಟೆಗಳನ್ನು ಇರಿಸುವುದೂ, ಹಿಂದಕ್ಕೆ ಬಂದ ಹಾಸನ್ನು ಬಿಚ್ಚಿ ನೋಡಿದ ಹೊರತು ಒಳಗಿಡದಿರುವುದೂ ಮೇಲು.