ಜಾಲತಾಣದಿಂದ ಹೊರಟ ಓಲೆ ಮನೆ ಮುಟ್ಟುವ ಬಗೆ

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರ ಸಂಘಗಳಿಗೆ ಒಂದು ಕಾಲದಲ್ಲಿ ಅಂಚೆಯ ಕಾರ್ಡೇ ಜೀವನಾಡಿಯಾಗಿದ್ದಿತು. ರಾಜ್ಯೋತ್ಸವದ ಆಮಂತ್ರಣವಾಗಲಿ, ರಕ್ತದಾನ ಶಿಬಿರದ ಸೂಚನೆಯಾಗಲಿ ಅದರ ಮೂಲಕವೇ ಸದಸ್ಯರ ಮನೆ ಸೇರುತ್ತಿದ್ದಿತು. ಇಂದು ಆ ಹೊಣೆಯ ಬಹುಭಾಗವನ್ನು ಸಂಘದ ಜಾಲತಾಣವೂ ಅದು ಕಳುಹಿಸುವ ಇ-ಮೇಲ್ ಪತ್ರಗಳೂ ವಹಿಸಿಕೊಂಡಿವೆ. ವಿಶಾಖಪಟ್ಟಣದ ಮಧುರವಾಡದಂತಹ ಕಡೆ, ಐ.ಟಿ. ಗುಡ್ಡಗಳ ಆಸುಪಾಸಿನಲ್ಲಿ, ಉದ್ಯೋಗನಿಮಿತ್ತ ಬಂದ ಕುಟುಂಬವು ಬಾಡಿಗೆಮನೆಯನ್ನು ಪದೇ ಪದೇ ಬದಲಿಸಬಹುದು. ಇ-ಮೇಲ್ ವಿಳಾಸವನ್ನು ಹಾಗೆ ಬದಲಿಸುವವರು ವಿರಳ.

ಆದರೆ ಕಳುಹಿಸಿದ ಪತ್ರವೆಲ್ಲವೂ ತಲುಪುತ್ತದೆಯೆ? ಮಧುಮೇಹ ತಪಾಸಣೆಯ ಶಿಬಿರವೊಂದನ್ನು ಊಹಿಸಬಹುದು. ಹೆಸರು ನೋಂದಾಯಿಸಿದವರಿಗೆ, ಹಿಂದಿನ ರಾತ್ರಿಯಿಂದ ಕನಿಷ್ಠ 8 ಗಂಟೆಗಳ ಕಾಲ ನೀರಲ್ಲದೆ ಬೇರೇನನ್ನೂ ಸೇವಿಸದೆ ಬರತಕ್ಕದ್ದೆಂಬ ಸೂಚನೆ ಜಾಲತಾಣದಿಂದ ಹೋಗುತ್ತದೆ. ಅದು ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಬಿದ್ದಿತೆಂದರೆ, ಎಪ್ಪತ್ತರ ಅಜ್ಜಿ ಎರಡು ಇಡ್ಲಿ ತಿಂದು, ಕಾಫಿ ಕುಡಿದು, ಮೊಮ್ಮಗನ ಸ್ಕೂಟರಿನಲ್ಲಿ ಬಂದಿಳಿಯುತ್ತಾರೆ. ಬರಿಹೊಟ್ಟೆಯ ರಕ್ತಪರೀಕ್ಷೆ ಅಂದಿಗೆ ಸಾಧ್ಯವಾಗದು. ಶಿಬಿರವಿರುವುದೋ ವರ್ಷಕ್ಕೊಂದೇ ದಿನ.

ಇದರ ಮೂಲ ತಿಳಿಯಬೇಕಾದರೆ ಇ-ಮೇಲಿನ ಹುಟ್ಟಿನತ್ತ ನೋಡಬೇಕು. ಪತ್ರಸಾಗಣೆಯ ನಿಯಮವಾದ ಎಸ್.ಎಂ.ಟಿ.ಪಿ.ಯನ್ನು 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟರು. ಬಳಸುವವರೆಲ್ಲರೂ ಪರಸ್ಪರ ಬಲ್ಲ ಸಂಶೋಧಕರಾಗಿದ್ದ ಆ ಕಾಲದಲ್ಲಿ ಕಳುಹಿಸಿದವರ ಹೆಸರನ್ನು ಪರಿಶೀಲಿಸುವ ಏರ್ಪಾಡು ಇರಲಿಲ್ಲ. ಇನ್‌ಲ್ಯಾಂಡ್ ಲೆಟರಿನ ಹಿಂಬದಿಯಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ? ಇಲ್ಲಿಯೂ ಹಾಗೆಯೇ. ವಂಚಕರು ಇದನ್ನು ಬಳಸಿಕೊಂಡರು; ಪತ್ರ ಸ್ವೀಕರಿಸುವ ಸಂಸ್ಥೆಗಳು ಕಾವಲು ಬಿಗಿಗೊಳಿಸಿದುವು; ನಡುವೆ ಸಿಲುಕಿದವು ಸಂಘಗಳ ನಿರಪರಾಧಿ ಪತ್ರಗಳು.

ಅಗ್ಗದ ಬಾಡಿಗೆಯ ಸರ್ವರಿನಲ್ಲಿ ಒಂದೇ ವಿಳಾಸಸಂಖ್ಯೆಯನ್ನು ನೂರಾರು ಜಾಲತಾಣಗಳು ಹಂಚಿಕೊಂಡಿರುತ್ತವೆ. ಅವುಗಳಲ್ಲೊಂದು ಕೆಟ್ಟ ಪತ್ರಗಳನ್ನು ಹರಿಯಬಿಟ್ಟರೆ ಅಪಕೀರ್ತಿ ಎಲ್ಲಕ್ಕೂ ತಟ್ಟುತ್ತದೆ. ಒಂದೇ ಬಾವಿಯ ನೀರು ಕುಡಿದ ಬೀದಿಗೆಲ್ಲ ವಾಂತಿಭೇದಿ ಹಬ್ಬಿದಂತೆ. ಇದಲ್ಲದೆ, ಜಾಲತಾಣದ ತಂತ್ರಾಂಶವು "ಪತ್ರ ಹೋಯಿತು" ಎಂದು ತಿಳಿಸಿದಾಗ ಅದರ ಅರ್ಥ ಪತ್ರವು ಪೆಟ್ಟಿಗೆಗೆ ಬಿದ್ದಿತೆಂಬುದಷ್ಟೇ ಹೊರತು, ಮನೆ ಮುಟ್ಟಿತೆಂದಲ್ಲ. ಬಹುಮಂದಿ ಎಡವುವುದು ಇಲ್ಲಿಯೇ.

ಆದುದರಿಂದ ಸರ್ವರಿನಿಂದ ನೇರವಾಗಿ ಪತ್ರ ಹಾಕುವ ಗೊಡವೆಗೆ ಹೋಗದೆ, ಪತ್ರಸಾಗಣೆಯನ್ನೇ ವೃತ್ತಿಯಾಗಿಸಿಕೊಂಡ ಸೇವೆಯೊಂದರಲ್ಲಿ ಖಾತೆ ತೆರೆದು, ಹೆಸರು ಮತ್ತು ಗುಪ್ತಪದ ತೋರಿಸಿ, 587 ಅಥವಾ 465ನೆಯ ಪೋರ್ಟಿನ ಮೂಲಕ ಪತ್ರವನ್ನು ಒಪ್ಪಿಸುವುದು ಲೇಸು. ಹಳೆಯ 25ನೆಯ ಪೋರ್ಟನ್ನು ಅನೇಕ ಸರ್ವರ್ ಕಂಪನಿಗಳು ಮೊದಲೇ ಮುಚ್ಚಿರುತ್ತವೆ.

ಆ ಬಳಿಕ ಮೂರು ದಾಖಲೆಗಳು ಅವಶ್ಯಕ. ಇವನ್ನು ಸಂಘದ ಡೊಮೇನ್ ಹೆಸರಿನ ಡಿ.ಎನ್.ಎಸ್. ಪಟ್ಟಿಯಲ್ಲಿ ಬರೆಯಬೇಕು. ಎಸ್.ಪಿ.ಎಫ್. ಎಂಬುದು ಸಂಘದ ಹೆಸರಿನಲ್ಲಿ ಪತ್ರ ಒಯ್ಯಲು ಯಾವ ಸರ್ವರುಗಳಿಗೆ ಅಧಿಕಾರವುಂಟೆಂಬುದರ ಪಟ್ಟಿ. ಇದು ಒಂದೇ ಇರಬೇಕು. ಹೊಸ ಕಾರ್ಯದರ್ಶಿ ಹಳೆಯದನ್ನು ನೋಡದೆ ಎರಡನೆಯದನ್ನು ಸೇರಿಸಿದರೆ ಎರಡೂ ನಿಷ್ಫಲ. ಡಿಕಿಮ್ ಎಂಬುದು ಅರಗಿನ ಮುದ್ರೆಯಂತೆ: ಗುಪ್ತ ಕೀಲಿಯಿಂದ ಪತ್ರಕ್ಕೆ ಸಹಿ ಬೀಳುತ್ತದೆ; ಬಹಿರಂಗ ಕೀಲಿಯಿಂದ ಸ್ವೀಕರಿಸುವವರು ಅದನ್ನು ತಾಳೆ ನೋಡುತ್ತಾರೆ. ಇವೆರಡೂ ತಪ್ಪಿದಾಗ ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. ಮೊದಲು ಕೇವಲ ವರದಿ ಕೇಳಿ, ಕೆಲವು ವಾರ ಗಮನಿಸಿ, ಅನಂತರವೇ ತಿರಸ್ಕರಿಸುವ ಆಜ್ಞೆ ಕೊಡುವುದು ವಿವೇಕ. 2024ರ ಫೆಬ್ರವರಿಯಿಂದ ಗೂಗಲ್, ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿತು. ಯಾಹೂ ಸಹ ಅದೇ ಹಾದಿ ಹಿಡಿಯಿತು. ಸಣ್ಣ ಸಂಘಕ್ಕೆ ಆ ಸಂಖ್ಯೆ ದೂರದ ಮಾತಾದರೂ, ಮೂರನ್ನೂ ಹೊಂದಿರುವುದೇ ಕ್ಷೇಮ.

ಜಾಲತಾಣದ ವಿಚಾರಣಾ ಅರ್ಜಿಯಲ್ಲಿ ಇನ್ನೊಂದು ದೋಷ ಸಾಮಾನ್ಯ. ಅರ್ಜಿ ತುಂಬಿದವರ ಜಿಮೇಲ್ ಅಥವಾ ಯಾಹೂ ವಿಳಾಸವನ್ನೇ ಕಳುಹಿಸಿದವರ ಜಾಗದಲ್ಲಿ ಹಾಕಿ ಪತ್ರ ಹೊರಡಿಸುತ್ತಾರೆ. ಇದು ಪರರ ಹೆಸರಿನಲ್ಲಿ ಸಹಿ ಹಾಕಿದಂತೆ. 2014ರಲ್ಲಿ ಯಾಹೂ ತನ್ನ ಡಿಮಾರ್ಕ್ ಆಜ್ಞೆಯನ್ನು ಬಿಗಿಗೊಳಿಸಿದಾಗ ಇಂತಹ ಪತ್ರಗಳು ಹೇರಳವಾಗಿ ತಿರಸ್ಕೃತವಾದುವು. ಕಳುಹಿಸುವವರ ವಿಳಾಸ ಸಂಘದ್ದೇ ಇದ್ದು, ಅರ್ಜಿದಾರರ ವಿಳಾಸ ಉತ್ತರದ ಜಾಗದಲ್ಲಿರತಕ್ಕದ್ದು.

ಮಧುರವಾಡಕ್ಕೆ ಸಮೀಪದಲ್ಲಿಯೇ ತೊಟ್ಲಕೊಂಡ, ಬಾವಿಕೊಂಡ ಎಂಬ ಬೌದ್ಧ ವಿಹಾರಗಳ ಅವಶೇಷಗಳಿವೆ. ಬಂಡೆಯಲ್ಲಿ ಕೊರೆದ ತೊಟ್ಟಿ ಬಾವಿಗಳಿಂದ ಬಂದ ಈ ಹೆಸರುಗಳು ಕನ್ನಡಿಗರ ಕಿವಿಗೆ ಅಪರಿಚಿತವೇನಲ್ಲ. ಭಿಕ್ಷುಗಳು ಮಳೆನೀರನ್ನು ಹಿಡಿದಿಟ್ಟಂತೆ, ಕಳುಹಿಸುವ ಸರ್ವರು ಕೂಡ ತಲುಪದ ಪತ್ರಗಳನ್ನು ಸರದಿಯಲ್ಲಿ ಹಿಡಿದಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4-5 ದಿನಗಳ ಕಾಲ ಕೈಬಿಡಬಾರದೆಂಬುದು ನಿಯಮದ ಸಲಹೆ. ಸ್ವೀಕರಿಸುವ ಕಡೆಯ ತಾತ್ಕಾಲಿಕ ಅಡಚಣೆಯನ್ನು ಇದು ದಾಟಿಸಬಲ್ಲದು. ಆದರೆ ವಿಳಾಸವೇ ಇಲ್ಲವೆಂದು ಮರಳಿದ ಪತ್ರದ ವಿಷಯ ಬೇರೆ: ಅಂತಹ ವಿಳಾಸವನ್ನು ಪಟ್ಟಿಯಿಂದ ಕೂಡಲೇ ತೆಗೆಯದಿದ್ದರೆ ಸಂಘದ ಕೀರ್ತಿಗೇ ಕುಂದು. ತುರ್ತಾಗಿ ರಕ್ತ ಬೇಕಾದಾಗಲಂತೂ ಇ-ಮೇಲನ್ನು ನೆಚ್ಚದೆ ದೂರವಾಣಿಯನ್ನೇ ಬಳಸತಕ್ಕದ್ದು.

ಎಲ್ಲವೂ ಸರಿಯಾಗಿದೆಯೆ ಎಂದು ನೋಡಲು, ಜಾಲತಾಣದಿಂದ ಜಿಮೇಲ್ ವಿಳಾಸವೊಂದಕ್ಕೆ ಪತ್ರ ಕಳುಹಿಸಿ, ಅದರ ಮೂಲರೂಪವನ್ನು ತೆರೆದು ನೋಡಬಹುದು. ಮೂರು ದಾಖಲೆಗಳ ಎದುರೂ "ಪಾಸ್" ಎಂದಿರಬೇಕು. ಇಷ್ಟಾದರೂ ಡೊಮೇನ್ ಹೆಸರಿನ ಅವಧಿ ಮುಗಿದರೆ ಜಾಲತಾಣ, ಅಂಚೆ ಎರಡೂ ಒಮ್ಮೆಲೇ ನಿಲ್ಲುತ್ತವೆ. ನವೀಕರಣದ ಸೂಚನೆಯೋ, ಎಂದೋ ವರ್ಗವಾಗಿ ಹೋದ ಮಾಜಿ ಕಾರ್ಯದರ್ಶಿಯ ವಿಳಾಸಕ್ಕೆ ಹೋಗುತ್ತಿರುತ್ತದೆ. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಹಸ್ತಾಂತರಿಸುವ ದಿನವೇ ಆ ಖಾತೆಯ ವಿಳಾಸವನ್ನೂ ಗುಪ್ತಪದವನ್ನೂ ಬದಲಿಸಿ, ನಡವಳಿ ಪುಸ್ತಕದಲ್ಲಿ ಬದಲಾವಣೆಯ ದಿನಾಂಕವನ್ನು ನಮೂದಿಸತಕ್ಕದ್ದು.