ಬಾಗಿಲಲ್ಲಿ ಕೊಡವಿದ ಅಂಗಿ

ನಮ್ಮ ಯಜಮಾನರದು ಹುಬ್ಬಳ್ಳಿಯಲ್ಲಿ ಹಳೇ ಬ್ಯಾಟರಿ ರಿಪೇರಿ ಅಂಗಡಿ. ಕೆಟ್ಟ ಬ್ಯಾಟರಿ ಒಡೆದು, ಪ್ಲೇಟು ತೆಗೆದು, ಅಂಗಡಿಯ ಹಿಂದೆ ಒಲೆಯ ಮೇಲೆ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಹದಿನಾಲ್ಕು ವರ್ಷ ಇದೇ ಕೆಲಸ. ಸಂಜೆ ಬಂದ ಕೂಡಲೇ ಅವರ ಅಂಗಿಯನ್ನು ಬಾಗಿಲಲ್ಲೇ ಕೊಡವಿ ನೆನೆಹಾಕುತ್ತಿದ್ದೆ. ಮಗಳು ಆಡುತ್ತಿದ್ದದ್ದೂ ಅದೇ ಬಾಗಿಲಲ್ಲಿ.

ಎರಡು ವರ್ಷದ ಹಿಂದೆ ಅವರಿಗೆ ಹೊಟ್ಟೆ ಹಿಂಡುವ ನೋವು ಶುರುವಾಯಿತು. ಮಲಬದ್ಧತೆ, ಸುಸ್ತು, ಹಿಮೋಗ್ಲೋಬಿನ್ 8. ಗ್ಯಾಸಿನ ಮಾತ್ರೆ, ಕಬ್ಬಿಣದ ಟಾನಿಕ್, ಎಂಡೋಸ್ಕೋಪಿ ಎಂದು ಏಳು ತಿಂಗಳು ಕಳೆಯಿತು. ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ನಾವಾಗಿ ಹೇಳಲೂ ಇಲ್ಲ. ಹೊಟ್ಟೆನೋವಿಗೂ ಬ್ಯಾಟರಿಗೂ ಸಂಬಂಧವಿದೆ ಎಂದು ನಮಗೆ ಹೊಳೆಯಲೇ ಇಲ್ಲ.

ಸಂಬಂಧಿಕರೊಬ್ಬರ ಮಾತು ಕೇಳಿ, ಮೈಯೊಳಗಿನ ವಿಷ ತೆಗೆಯುತ್ತೇವೆ ಎನ್ನುವ ಒಂದು ಕಡೆ ಹೋದೆವು. ಅಲ್ಲಿ ಮೊದಲು ಒಂದು ಮಾತ್ರೆ ನುಂಗಿಸಿ, ಆಮೇಲೆ ಆರು ತಾಸಿನ ಮೂತ್ರ ಹಿಡಿದರು. ರಿಪೋರ್ಟಿನ ತುಂಬ ಕೆಂಪು ಗೆರೆ: ಸೀಸ, ಪಾದರಸ, ಆರ್ಸೆನಿಕ್ ಎಲ್ಲವೂ ಜಾಸ್ತಿ. ನನ್ನ ಕೈಕಾಲು ತಣ್ಣಗಾದವು. ಚಿಕಿತ್ಸೆಗೆ ಅವರು ಹೇಳಿದ ದುಡ್ಡು ಹೊಂದಿಸಲು ಬಂಗಾರ ಅಡವಿಡುವ ಯೋಚನೆಯೂ ಬಂತು.

ಅಡವಿಡುವ ಮುಂಚೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿದ್ದು ನಮ್ಮ ಪುಣ್ಯ. ಆಕೆ ಮೊದಲು ಕೇಳಿದ್ದೇ, "ಏನ್ ಕೆಲ್ಸ ಮಾಡ್ತೀರ್ರೀ?" ಆ ಒಂದು ಪ್ರಶ್ನೆಗೆ ನಾವು ಏಳು ತಿಂಗಳು ಕಾದಿದ್ದೆವು. ರಿಪೋರ್ಟು ನೋಡಿ ಆಕೆ ನಿಧಾನವಾಗಿ ತಿಳಿಸಿ ಹೇಳಿದರು. ಆ ಮಾತ್ರೆ ಯಾರ ಮೈಯಿಂದಾದರೂ ಒಂದಿಷ್ಟು ಲೋಹವನ್ನು ಮೂತ್ರಕ್ಕೆ ಎಳೆದು ತರುತ್ತದೆ. ಹಾಗೆ ಬಂದ ಅಂಕಿಯನ್ನು ಮಾತ್ರೆ ನುಂಗದವರ ಅಂಕಿಯ ಪಕ್ಕದಲ್ಲಿಟ್ಟರೆ ಗಟ್ಟಿಮುಟ್ಟಾದವರದೂ ಕೆಂಪಾಗಿಯೇ ಕಾಣುತ್ತದೆ. ಇನ್ನು ಆರ್ಸೆನಿಕ್? ಹಿಂದಿನ ರಾತ್ರಿ ನಾವು ಉಂಡಿದ್ದು ಕಾರವಾರದಿಂದ ಬಂದ ಬಂಗಡೆಯ ಸಾರು. ಸಮುದ್ರದ ಮೀನಿನಲ್ಲಿ ಅಪಾಯವಿಲ್ಲದ ಬಗೆಯ ಆರ್ಸೆನಿಕ್ ಇರುತ್ತದಂತೆ. ಆರ್ಸೆನಿಕ್ ನೋಡಬೇಕಿದ್ದರೆ ಎರಡು ಮೂರು ದಿನ ಮೊದಲಿಂದ ಮೀನು ಬಿಡಬೇಕು. ಅದನ್ನೂ ನಮಗೆ ಯಾರೂ ಹೇಳಿರಲಿಲ್ಲ.

ಸೀಸಕ್ಕೆ ರಕ್ತವೇ ಬೇಕು, ಅದೂ ನರದಿಂದ ತೆಗೆದ ರಕ್ತ. ಅವರದು 64 ಬಂತು, ಅಂದರೆ ನೂರು ಮಿಲಿಲೀಟರ್ ರಕ್ತದಲ್ಲಿ 64 ಮೈಕ್ರೋಗ್ರಾಂ ಸೀಸ. ಕೂಡಲೇ ಕೆಲಸ ನಿಲ್ಲಿಸಿ, ಡಾಕ್ಟರ ಕಣ್ಗಾವಲಿನಲ್ಲೇ ಸೀಸ ಹೊರಹಾಕುವ ಔಷಧಿ ಕೊಟ್ಟರು. 29ಕ್ಕೆ ಇಳಿಯಿತು. ಕೆಲವು ವಾರ ಬಿಟ್ಟು ನೋಡಿದರೆ ಮತ್ತೆ 41! ಕದ್ದು ಕೆಲಸಕ್ಕೆ ಹೋಗಿದ್ದಾರೆ ಎಂದುಕೊಂಡು ನಾನು ಅವರ ಮೇಲೆ ರೇಗಿದೆ. ಅವರದೇನೂ ತಪ್ಪಿರಲಿಲ್ಲ. ರಕ್ತದ ಸೀಸ ಒಂದು ತಿಂಗಳ ಹೊತ್ತಿಗೆ ಅರ್ಧವಾಗುತ್ತದೆ, ಆದರೆ ಎಲುಬಿಗೆ ಇಳಿದದ್ದು ಹತ್ತಾರು ವರ್ಷ ಅಲ್ಲೇ ಕೂತು, ರಕ್ತ ತಿಳಿಯಾದಂತೆ ಮೆಲ್ಲಗೆ ಹೊರಬರುತ್ತದೆ. ಒಂದು ರಿಪೋರ್ಟು ನೋಡಿ ಹಿಗ್ಗಬಾರದು, ಕುಗ್ಗಲೂಬಾರದು ಎಂದು ಆಗ ತಿಳಿಯಿತು.

"ಮನೆಯಾಗ ಮಕ್ಳು ಅದಾವೇನ್ರೀ?" ಎಂದು ಡಾಕ್ಟರು ಕೇಳಿದಾಗ ನನಗೆ ಆ ಬಾಗಿಲು ನೆನಪಾಯಿತು.

ಮಗಳಿಗೆ ಆಗ ನಾಲ್ಕು ವರ್ಷ. ಬೆರಳು ಚುಚ್ಚಿ ನೋಡಿದಾಗ 31. ನಾನು ಅಲ್ಲೇ ಅತ್ತುಬಿಟ್ಟೆ. ಬೆರಳಿಗೆ ಅಂಟಿದ ದೂಳೂ ಆ ಹನಿಯೊಳಗೆ ಸೇರಿಕೊಂಡಿರಬಹುದು ಎಂದು ಕೈ ಚೆನ್ನಾಗಿ ತೊಳೆಸಿ, ನರದಿಂದ ರಕ್ತ ತೆಗೆದರು. ಈ ಸಲ 17. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5 ಮುಟ್ಟಿದರೇ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು. ಮಕ್ಕಳ ಮಿದುಳಿಗೆ ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ. ಆದರೂ ಅವಳಿಗೆ ಆ ಔಷಧಿ ಕೊಡಲಿಲ್ಲ. ಮಕ್ಕಳಿಗೆ ಅದು ಸಾಮಾನ್ಯವಾಗಿ 45 ದಾಟಿದ ಮೇಲಂತೆ. ಅವಳಿಗೆ ಬೇಕಿದ್ದದ್ದು ದೂಳಿಲ್ಲದ ಮನೆ, ಹಾಲು, ಸೊಪ್ಪು, ರಾಗಿ, ಕಬ್ಬಿಣದ ಔಷಧಿ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಕರುಳು ಸೀಸವನ್ನು ಇನ್ನಷ್ಟು ಹೀರುತ್ತದೆ.

ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಅವರ ಜೊತೆಯವರು ನಮ್ಮ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ 10ಕ್ಕಿಂತ ಹೆಚ್ಚು ಸೀಸ ಸಿಕ್ಕಿತ್ತು. ರಸ್ತೆಯ ಹೊಗೆಯಿಂದ ಆ ಸೀಸ ಹೋಯಿತು. ನಮ್ಮ ಮನೆಗೆ ಬಂದದ್ದು ಅಂಗಿಯ ಮೇಲೆ, ಅದನ್ನು ಒಳಗೆ ಬಿಟ್ಟುಕೊಂಡ ಕೈ ನನ್ನದು. ಈ ಮಾತು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಸೀಸ ಕರಗಿಸುವುದನ್ನು ಯಜಮಾನರು ಪೂರ್ತಿ ಬಿಟ್ಟಿದ್ದಾರೆ. ಈಗ ಹೊಸ ಬ್ಯಾಟರಿ ಮಾರಾಟ, ಚಾರ್ಜಿಂಗ್ ಅಷ್ಟೇ. ಅಂಗಡಿಯಲ್ಲೇ ಮೈ ತೊಳೆದು ಬಟ್ಟೆ ಬದಲಿಸಿ ಬರುತ್ತಾರೆ. ಮನೆಯಲ್ಲಿ ಒಣ ಕಸಬರಿಗೆ ಇಲ್ಲ, ಒದ್ದೆ ಬಟ್ಟೆಯಿಂದಲೇ ನೆಲ ಒರೆಸುತ್ತೇನೆ. ಹೋದ ತಿಂಗಳು ಮಗಳದು 8 ಬಂತು. ಮುಂದಿನ ಪರೀಕ್ಷೆಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಹೆಂಡತಿಯೂ ಬರುತ್ತಾಳೆ. ಅವಳ ಕೂಸಿಗೆ ಹತ್ತು ತಿಂಗಳು, ಈಗಷ್ಟೇ ಅಂಬೆಗಾಲಿಡುತ್ತಿದೆ.